ಗಾಣದ ಮಾವನ ಕಿವಿ

ಗಾಣದ ಮಾವನ ಬಲಗಿವಿಯ ತೂತಿನ ಸುತ್ತ ಯಾವಾಗಲೂ ಕರೀ ಗ್ರೀಸಿನದೊಂದು ಉಂಗುರ ಇರುತ್ತಿತ್ತು. ಎಷ್ಟು ಸೋಪು ತಿಕ್ಕಿದರೂ ಹೋಗದು. ಕ್ಯಾತನಹಳ್ಳಿ ಸುತ್ತಮುತ್ತಲ ಆಲೆಮನೆಗಳ ಗಾಣದ ಮೋಟರು ರಿಪೇರಿಯೆಲ್ಲ ಅವರದೇ. ಊರಿನ ವರಸೆಯಲ್ಲಿ ನನಗೆ ಮಾವ. ಗಂಡ ತೀರಿಕೊಂಡು ಆಲೆಮನೆ ನನ್ನ ತಲೆಗೆ ಬಂದಾಗ, ಸ್ವಿಚ್ಚು ಒತ್ತುವುದು ಬಿಟ್ಟರೆ ನನಗೆ ಬೇರೇನೂ ಗೊತ್ತಿರಲಿಲ್ಲ.

ಮಾವ ಹಳೇ ಬೇರಿಂಗೊಂದನ್ನು ನನ್ನ ಅಂಗೈಗೆ ಹಾಕಿ, "ತಿರುಗ್ಸವ್ವ" ಅಂದರು. ಒಳಗೊಂದು ಬಳೆ, ಹೊರಗೊಂದು ಬಳೆ, ನಡುವೆ ಉಕ್ಕಿನ ಗುಂಡುಗಳು.

"ಕಬ್ಣಕ್ಕೆ ಕಬ್ಣ ಉಜ್ಜುದ್ರೆ ಕಾದು ಸವ್ದೋಯ್ತದೆ. ಅದ್ಕೇ ಈ ಗುಂಡು ಮಧ್ಯದಲ್ಲಿ ಉಳ್ಳಾಡ್ತವೆ. ಗ್ರೀಸು ಗಿಡೀಬ್ಯಾಡ ಕಣವ್ವ, ಜಾಸ್ತಿಯಾದ್ರೂ ಕಾಯ್ತದೆ, ಅವು ಆಡಕ್ಕೆ ಜಾಗ ಬುಡು."

ಗ್ರೀಸು ಕಮ್ಮಿಯಾದರೂ ಕಾಯುತ್ತದೆ, ಹೆಚ್ಚಾದರೂ ಕಾಯುತ್ತದೆ ಎಂದರೆ ಎಷ್ಟು ಹಾಕಲಿ? ನನ್ನ ತಲೆ ಕೆಟ್ಟುಹೋಯಿತು.

ಅವರ ಪರೀಕ್ಷೆಯೇ ಬೇರೆ. ಓಡುವ ಮೋಟರಿನಲ್ಲಿ ಬೇರಿಂಗ್ ಇರುವ ಕಡೆ ಕಟ್ಟಿಗೆಯ ಒಂದು ತುದಿ ಒತ್ತಿ, ಇನ್ನೊಂದು ತುದಿಯನ್ನು ಕಿವಿಗಿಟ್ಟು ಕಣ್ಣು ಮುಚ್ಚುವರು. "ಕೊರೀತದೆ" ಅಂದರೆ ಗುಂಡು ಕರಕರ ಎನ್ನುತ್ತಿವೆ ಎಂದು; ಬದಲಾಯಿಸಲೇಬೇಕು. ಯಾರೂ ಎದುರಾಡುತ್ತಿರಲಿಲ್ಲ.

ಒಂದು ವರ್ಷ ನನ್ನ ಮೋಟರು ಕೊರೆಯುತ್ತದೆ ಎಂದರು. ಬಿಚ್ಚಿ ನೋಡಿದರೆ ಬೇರಿಂಗ್ ನುಣ್ಣಗೆ ತಿರುಗುತ್ತಿತ್ತು. ಆದರೂ ಪಾಂಡವಪುರದಿಂದ ಹೊಸದು ತಂದು ಹಾಕಿಸಿದೆ. ಅದೂ ಕೊರೆಯುತ್ತದೆ ಎಂದರು. ಅದನ್ನೂ ಬದಲಾಯಿಸಿದೆ. ಬೇರಿಂಗೇ ಸರಿಯಿಲ್ಲವೋ, ಶಾಫ್ಟು ಡೊಂಕೋ, ಕೂರಿಸಿದ್ದು ತಪ್ಪೋ? ಕಡಿದ ಕಬ್ಬು ಅಂಗಳದಲ್ಲಿ ಒಣಗುತ್ತಿತ್ತು. ಇನ್ನೂ ತಡವಾದರೆ ಬೆಲ್ಲ ಕಟ್ಟುವುದಿಲ್ಲ, ಇಡೀ ಬೆಳೆ ಮಣ್ಣುಪಾಲು.

ಮತ್ತೆ ಮೋಟರು ಓಡಿಸಿ, ಮಾವ ಕಟ್ಟಿಗೆ ಇಟ್ಟು ಕಣ್ಣು ಮುಚ್ಚಿದರು. ಅಷ್ಟರಲ್ಲಿ ಕರೆಂಟು ಹೋಯಿತು. ಬೆಲ್ಟು ನಿಧಾನಕ್ಕೆ ನಿಂತಿತು. ಆಳುಗಳು ನೆರಳಿಗೆ ಸರಿದರು. ಮಾವ ಮಾತ್ರ ಕಣ್ಣು ತೆರೆಯದೆ, "ನೋಡು, ಇನ್ನೂ ಕೊರೀತಾನೇ ಅದೆ" ಅಂದರು.

ನಾನು ಅವರ ಭುಜ ಮುಟ್ಟಿದೆ. ಅವರು ಕಣ್ಣು ತೆರೆದು, ನಿಂತ ಬೆಲ್ಟನ್ನು ನೋಡಿದರು, ನನ್ನನ್ನು ನೋಡಿದರು.

"ಯಾವಾಗವ್ವ ನಿಂತೋಗಿದ್ದು?"

"ಈಗ್ಲೇ ಮಾವ."

ಕರೆಂಟು ಬಂದಾಗ ಕಟ್ಟಿಗೆಯನ್ನು ನನ್ನ ಕೈಗೆ ಕೊಟ್ಟರು. "ನೀನೇ ಕೇಳವ್ವ." ಕೇಳಿದೆ. ಗುಂಯ್ ಎನ್ನುವುದರೊಳಗೆ ಏನೇನೋ ಸದ್ದು. ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು, ದೇವರಾಣೆ ತಿಳಿಯಲಿಲ್ಲ. ಅವರ ಮುಖ ನೋಡಲಾಗದೆ, "ನುಣ್ಣಗದೆ ಮಾವ" ಅಂದುಬಿಟ್ಟೆ.

ಮಾವ ಬೇರಿಂಗ್ ಇರುವ ಕಡೆ ಅಂಗೈ ಊರಿ, ಅದರ ಬಿಸಿ, ಅದುರು ನೋಡುತ್ತ ಬಹಳ ಹೊತ್ತು ನಿಂತರು. ಆಮೇಲೆ, "ಸರಿ, ಗಾಣಕ್ಕೆ ಕಬ್ಬು ಕೊಡ್ಸು" ಅಂದರು. ಹಂಗಾಮು ಮುಗಿಯುವ ತನಕ ಮೋಟರು ಒಮ್ಮೆಯೂ ಕೈಕೊಡಲಿಲ್ಲ.

ಚಿನಕುರಳಿಯಿಂದ ಯಾರೋ ರಿಪೇರಿಗೆ ಕರೆಯಲು ಬಂದಾಗ, "ನನ್ ಕಿವಿ ಕೆಟ್ಟೋಗದೆ ಕಣ್ಲಾ, ಅವಳ್ನ ಕರ್ಕೊಂಡೋಗು" ಎಂದು ನನ್ನ ಮನೆ ತೋರಿಸಿದರಂತೆ. ಹೋದ ಬೇಸಿಗೆಯಲ್ಲಿ ಮಾವ ತೀರಿಕೊಂಡರು. ಅಂದು ಅವರು ನನ್ನ ಮಾತನ್ನು ನಂಬಿದರೋ, ಅಂಗೈಗೆ ತಿಳಿದಿದ್ದನ್ನು ನಂಬಿ ನನ್ನ ಮಾನ ಉಳಿಸಿದರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿಯೇಬಿಡೋಣ ಎಂದು ಎಷ್ಟೋ ಸಲ ಅವರ ಮನೆಗೆ ಹೋಗಿ, ಕಾಫಿ ಕುಡಿದು ವಾಪಸ್ಸು ಬಂದಿದ್ದೆ.