ಕ್ಯಾಪ್ಟನ್ನರ ಪ್ರೊಪೆಲರ್

ಬೀದಿಯವರ ಬಾಯಲ್ಲಿ ಅವರು ಕ್ಯಾಪ್ಟನ್. ‘ಈ ಕ್ಯಾಪ್ಟನ್ ಕಂಡಿರೋ ಸಮುದ್ರ ಅಂದ್ರೆ ಬಚ್ಚಲುಮನೆ ಬಕೆಟ್ಟು’ ಎಂದು ತಮ್ಮನ್ನೇ ಗೇಲಿ ಮಾಡಿಕೊಳ್ಳುವವರೂ ಅವರೇ. ನೆಲದ ಮೇಲೂ ನೀರಿನ ಮೇಲೂ ಓಡುವ ಹಳೇ ಕಾಲದ ಕಾರೊಂದು ಅವರ ಶೆಡ್ಡಿನಲ್ಲಿದೆ. ನೀರಿನಲ್ಲಿ ಅದನ್ನು ಮುಂದಕ್ಕೆ ತಳ್ಳುವ, ಹಿಂಬದಿಯ ಪ್ಲಾಸ್ಟಿಕ್ ಪ್ರೊಪೆಲರ್‌ಗಳು ಹಳದಿಗಟ್ಟಿವೆ ಎಂಬುದೇ ಅವರ ಜನ್ಮಕ್ಕಂಟಿದ ಚಿಂತೆ. ಕ್ಷೌರದಂಗಡಿಯಿಂದ ಕೂದಲು ಬ್ಲೀಚ್ ಮಾಡುವ ಕ್ರೀಮು ತಂದು, ಕೂಸಿಗೆ ಎಣ್ಣೆ ಹಚ್ಚುವಂತೆ ರೆಕ್ಕೆರೆಕ್ಕೆಗೂ ಸವರಿ, ಪ್ಲಾಸ್ಟಿಕ್ ಹಾಳೆ ಸುತ್ತಿ ಬಿಸಿಲಿಗಿಟ್ಟು, ಪಕ್ಕದಲ್ಲೇ ಕಾವಲು ಕೂರುತ್ತಾರೆ. ‘ನನ್ನ ತಲೆ ನೋಡ್ರಪ್ಪ, ಏನೂ ಹಚ್ಚದೇ ಬೆಳ್ಳಗಾಯ್ತು, ಇವಕ್ಕೆ ಮಾತ್ರ ಇಷ್ಟು ಉಪಚಾರ!’ ಎಂದು ಹೋಗಿಬರುವವರನ್ನು ನಗಿಸುತ್ತಾರೆ. ಹೆಂಡತಿ ‘ಕೆರೆಗೆ ಯಾವಾಗ ಕರ್ಕೊಂಡು ಹೋಗ್ತೀರಿ?’ ಎಂದಾಗೆಲ್ಲ ‘ಇವು ಬೆಳ್ಳಗಾಗ್ಲಿ, ತಾಳೇ’ ಎನ್ನುತ್ತಾರೆ. ತಮಗೆ ಈಜು ಬಾರದು, ನೀರೆಂದರೆ ಎದೆ ಡವಗುಟ್ಟುತ್ತದೆ ಎಂಬುದೊಂದನ್ನು ಮಾತ್ರ ಅವರು ತಮಾಷೆಗೂ ಬಾಯಿಬಿಟ್ಟವರಲ್ಲ. ಕಳೆದ ಭಾನುವಾರ ಪ್ರೊಪೆಲರ್‌ಗಳು ಹಾಲಿನಂತೆ ಬೆಳ್ಳಗಾಗಿಬಿಟ್ಟವು. ಹೆಂಡತಿ ಬುತ್ತಿ ಕಟ್ಟಿಕೊಂಡು ಬಂದು ಕಾರಿನಲ್ಲಿ ಕೂತರು. ಕ್ಯಾಪ್ಟನ್ ಕೀಲಿ ಹಿಡಿದುಕೊಂಡೇ ಕಾರಿನ ಹಿಂದಕ್ಕೆ ಹೋಗಿ ಪ್ರೊಪೆಲರ್ ಮೇಲೆ ಬಗ್ಗಿದರು. ‘ಇಲ್ಲಿ ಅಂಚಲ್ಲಿ ಇನ್ನೂ ಚೂರು ಹಳದಿ ಇದ್ದ ಹಾಗಿದೆ, ಅಲ್ವೇನೇ?’ ಆಕೆ ಇಳಿದು ಬಂದು, ಹಾಲುಬಿಳುಪಿನ ಆ ಅಂಚನ್ನು ಕಣ್ಣು ಕಿರಿದಾಗಿಸಿ ನೋಡಿ, ‘ಹೌದ್ರೀ, ಇದೆ’ ಎಂದರು. ಬುತ್ತಿಯನ್ನು ಶೆಡ್ಡಿನ ನೆರಳಲ್ಲೇ ಬಿಚ್ಚಿದರು.