ಸರ್ವರ್ ವರದಿಯಿಂದ ನಾನು ತೆಗೆದ ಸಾಲು

ಕೊಯಮತ್ತೂರಿನ ಬಳಿಯ ಸೋಮನೂರಿನ ನಮ್ಮ ಮನೆಯಲ್ಲಿ ಕಂಪ್ಯೂಟರ್ ಇಟ್ಟ ಮೇಜು ಸದಾ ಸಣ್ಣಗೆ ನಡುಗುತ್ತಿತ್ತು. ಗೋಡೆಯ ಆಚೆಗೇ ಮಾವನವರ ಪವರ್‌ಲೂಮ್ ಶೆಡ್. ಆ ನಡುಕದಲ್ಲೇ ಕೂತು ನಾನು ನನ್ನ ಗಂಡನ ಆಫೀಸಿನ ಪತ್ರಗಳನ್ನು ಟೈಪ್ ಮಾಡಿಕೊಡುತ್ತಿದ್ದೆ. ಅವರು ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದರು. ಕೆಲಸ ಚೆನ್ನಾಗಿ ಬಲ್ಲವರು, ಆದರೆ ಮನೆಮಾತು ಕನ್ನಡವಾದರೂ ಓದಿದ್ದು ತಮಿಳಿನಲ್ಲಿ. ನಾನು ಮೈಸೂರಿನ ಕಾನ್ವೆಂಟಿನಿಂದ ಬಂದ ಸೊಸೆ. ಅವರ ಇಂಗ್ಲಿಷ್ ತಿದ್ದುವುದು ನಾನು ಎಂಬುದು ಮನೆಯ ಹೊಸ್ತಿಲು ದಾಟಿರಲಿಲ್ಲ.

ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಕರೆಂಟು ಹೊತ್ತುಗೊತ್ತಿಲ್ಲದೆ ಹೋಗುತ್ತಿದ್ದ ದಿನಗಳು. ಕಂಪನಿಯ ಸರ್ವರು ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಕೂತು, ಕರೆಂಟು ಹೋದಾಗಲೆಲ್ಲ ಸತ್ತು ಬದುಕುತ್ತಿತ್ತು. ಎಲ್ಲೋ ದೂರದಲ್ಲಿರುವ ಯಂತ್ರವನ್ನು ಬಾಡಿಗೆಗೆ ಹಿಡಿದು, ಇಂಟರ್ನೆಟ್ಟಿನಿಂದಲೇ ಕೆಲಸ ನಡೆಸಬಹುದೆಂದು ಮಾಲೀಕರು ಯಾರಿಂದಲೋ ಕೇಳಿದ್ದರು. ಅದಕ್ಕೆ ಕ್ಲೌಡ್ ಎನ್ನುತ್ತಾರಂತೆ. ಆ ಯಂತ್ರದ ಮೇಲೆ ಯಾವ ಆಪರೇಟಿಂಗ್ ಸಿಸ್ಟಮ್ ಹಾಕುವುದು, ಹೋಲಿಸಿ ವರದಿ ಕೊಡು ಎಂದು ನನ್ನ ಗಂಡನಿಗೆ ಹೇಳಿದರು.

"ಬಾಡಿಗೆ ಮನೇಲಿ ಯಾರಾದ್ರೂ ತರಿ ಹೂಡ್ತಾರಾ ಅಮ್ಮಿಣಿ?" ಎಂದು ಅತ್ತೆ ನನ್ನನ್ನು ನೋಡಿ ನಕ್ಕರು. ಆ ಕಡೆ ಹುಡುಗಿಯರನ್ನು ಅಕ್ಕರೆಯಿಂದ ಕರೆಯುವುದೇ ಅಮ್ಮಿಣಿ ಎಂದು. ಅವರ ಬಾಯಲ್ಲಿ ಮಗ್ಗ ಯಾವತ್ತೂ ತರಿಯೇ.

ನನ್ನ ಗಂಡ ವಾರವಿಡೀ ಓದಿ, ನೋಟ್‌ಬುಕ್ಕಿನಲ್ಲಿ ಸ್ಕೇಲಿಟ್ಟು ಗೆರೆ ಹಾಕಿದ್ದರು. ಮೂರು ಕಂಬ: ವಿಂಡೋಸ್, ಉಚಿತ ಲಿನಕ್ಸ್, ಮತ್ತು ವರ್ಷವರ್ಷ ಚಂದಾ ಕಟ್ಟಿದರೆ ಕೆಟ್ಟಾಗ ಫೋನೆತ್ತುವ ಕಂಪನಿಯೊಂದು ಬೆನ್ನಿಗಿರುವ ಲಿನಕ್ಸ್. ಅಡ್ಡಕ್ಕೆ ಐದು ಸಾಲು. ಖರ್ಚೆಷ್ಟು, ವೈರಸ್ಸಿನ ಭಯವೆಷ್ಟು, ಕೆಟ್ಟರೆ ಯಾರನ್ನು ಕೇಳುವುದು, ಎಷ್ಟು ವರ್ಷ ತಿದ್ದುಪಡಿ ಬರುತ್ತದೆ. ಕೊನೆಯ ಸಾಲು, ಪೆಟ್ಟಿಗೆಗಳಿಗೆ ಲೇಬಲ್ ಹೊಡೆಯುವ ಕಂಪನಿಯ ಹಳೆಯ ಪ್ರೋಗ್ರಾಮ್ ಅದರ ಮೇಲೆ ಓಡುತ್ತದೆಯೇ ಎಂಬುದು. ವಿಂಡೋಸಿನ ಕೆಳಗೆ 'ಓಡುತ್ತದೆ' ಎಂದಿತ್ತು. ಉಳಿದೆರಡರ ಕೆಳಗೆ 'ಗೊತ್ತಿಲ್ಲ, ನೋಡಬೇಕು'.

ಟೈಪ್ ಮಾಡಿದಾಗ ಆ ಐದನೆಯ ಸಾಲು ಒಂಟಿಯಾಗಿ ಎರಡನೆಯ ಹಾಳೆಗೆ ಬಿತ್ತು. ಹಾಗೆ ಒಂದೇ ಸಾಲು ಮುಂದಿನ ಪುಟಕ್ಕೆ ಹೋದರೆ ಕಾನ್ವೆಂಟಿನ ನಮ್ಮ ಸಿಸ್ಟರ್ ಕಾಗದವನ್ನೇ ವಾಪಸು ಕೊಡುತ್ತಿದ್ದರು. ಇಕ್ಕಟ್ಟು ಮಾಡಿ ಮೇಲಕ್ಕೆ ಸೇರಿಸಬಹುದಿತ್ತು. ನಾನು ಅಳಿಸಿದೆ. ಹಾಳೆಯ ಅಂದ ಒಂದು ನೆವ. ಮಾಲೀಕರ ಮುಂದೆ ನನ್ನ ಗಂಡ ಎರಡೆರಡು ಕಡೆ 'ಗೊತ್ತಿಲ್ಲ' ಎನ್ನುವುದು ನನಗೆ ಬೇಡವಾಗಿತ್ತು. ಬೆಳಿಗ್ಗೆ ಅವರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, "ಅಚ್ಚು ಹಾಕ್ದಂಗಿದೆ" ಎಂದು ರುಜು ಹಾಕಿಕೊಂಡು ಹೋದರು.

ಮಾಲೀಕರು ಉಚಿತ ಲಿನಕ್ಸೇ ಸಾಕೆಂದರು, ಬೇಗ ಆಗಲಿ ಎಂದರು. ಶನಿವಾರ, ಭಾನುವಾರ ಎಲ್ಲವನ್ನೂ ಬಾಡಿಗೆ ಯಂತ್ರಕ್ಕೆ ಸಾಗಿಸಿದ್ದಾಯಿತು. ಸೋಮವಾರ ಹಳೆಯ ಪ್ರೋಗ್ರಾಮ್ ಲಿನಕ್ಸಿನ ಮೇಲೆ ಓಡಲಿಲ್ಲ, ಲೇಬಲ್ ಬರಲಿಲ್ಲ. ಮಕ್ಕಳ ಅಂಗಿ ತುಂಬಿದ ಪೆಟ್ಟಿಗೆಗಳು ಹೆಸರಿಲ್ಲದೆ ಸಾಲಾಗಿ ನಿಂತವು, ಹೊರಗೆ ಲಾರಿ.

ಮಧ್ಯಾಹ್ನ ಬಟ್ಟೆ ಬದಲಾಯಿಸಲು ಮನೆಗೆ ಬಂದ ನನ್ನ ಗಂಡ ಹೇಳಿದರು: "ವರದೀಲಿ ಇದ್ರ ಬಗ್ಗೆ ಒಂದು ಮಾತೂ ಇಲ್ವಲ್ಲ ಅಂದ್ರು ಮೊದಲಾಳಿ. ವೇಲೆ ಇರ್ತದೋ ಇಲ್ವೋ." ಅವರ ಬಾಯಲ್ಲಿ ಮಾಲೀಕರು ಮೊದಲಾಳಿ, ಕೆಲಸ ವೇಲೆ.

ನಾನು ತಟ್ಟೆಗೆ ಅನ್ನ ಹಾಕುತ್ತಿದ್ದೆ. ಆ ಸಾಲು ಅಳಿಸಿದ್ದು ನಾನೇ ಎಂದು ಹೇಳಿಬಿಟ್ಟೆ. ಅವರು ಅನ್ನವನ್ನು ಕಲಸುತ್ತಲೇ ಇದ್ದರು, ತಿನ್ನಲಿಲ್ಲ. "ಪರ್ವಾಲ್ಲ, ಬಿಡು."

"ನಾನೇ ಬಂದು ಹೇಳ್ತೀನಿ ರೀ."

"ಬೇಡ. ಹೆಂಡ್ತಿ ಕೈಲಿ ಬರೆಸ್ದ ಅಂತಾರೆ."

ಮರುದಿನ ಅವರು ಹೊರಟ ಮೇಲೆ ನಾನೂ ಬಸ್ಸು ಹತ್ತಿದೆ. ಮಾಲೀಕರ ಕೋಣೆಯಲ್ಲಿ ನನ್ನ ಗಂಡ ಆಗಲೇ ನಿಂತಿದ್ದರು. ನನ್ನನ್ನು ಕಂಡು ಕಣ್ಣು ನೆಲಕ್ಕಿಳಿಸಿದರು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ತಮಿಳಿನಲ್ಲಿ ನಾನು ಎಲ್ಲ ಹೇಳಿದೆ: ಇವರು ಬರೆದಿದ್ದರು, ತೆಗೆದವಳು ನಾನು. ಮಾಲೀಕರು ಕೆಟ್ಟವರಲ್ಲ. ಕುರ್ಚಿ ಕೊಟ್ಟರು, ಟೀ ತರಿಸಿದರು, ಕೊನೆಯವರೆಗೂ ಕೇಳಿದರು. ಆಮೇಲೆ ನನ್ನನ್ನು ಬಿಟ್ಟು ನನ್ನ ಗಂಡನತ್ತ ತಿರುಗಿ, "ಅಪ್ಪೋ ಪಡಿಕ್ಕಾಮಲೇ ಕೈಯೆಳುತ್ತು ಪೋಟ್ಟೀಂಗಳಾ?" ಎಂದರು. ಓದದೆಯೇ ರುಜು ಹಾಕಿದಿರಾ ಎಂಬ ಆ ಪ್ರಶ್ನೆ ಇಡೀ ದಾರಿಯಲ್ಲಿ ನನಗೆ ಹೊಳೆದಿರಲಿಲ್ಲ.

"ಆಮಾಂಗ," ಎಂದರು ನನ್ನ ಗಂಡ. ಹೌದು ಎಂದು.

ಕೆಲಸ ಉಳಿಯಿತು, ಅಷ್ಟೇ. ಲೇಬಲ್ ಪ್ರೋಗ್ರಾಮನ್ನು ಗೂಡಿನ ಹಳೆಯ ಸರ್ವರಿಗೇ ಮರಳಿಸಬೇಕು; ಮುಂದಿನ ತಿಂಗಳಿನಿಂದ ಕೊಯಮತ್ತೂರಿನವರೊಬ್ಬರು ಬರುತ್ತಾರೆ, ಇವರು ಅವರ ಕೈಕೆಳಗೆ. ಇನ್ನು ಯಾವ ಕಾಗದಕ್ಕೂ ಇವರ ರುಜು ಬೇಡ.

ನನ್ನನ್ನು ಬಸ್ಸು ಹತ್ತಿಸಲು ಅವರು ಸ್ಟಾಪಿನವರೆಗೆ ಬಂದರು. ಬೈಯಲಿ ಎಂದು ಕಾದೆ. ಬೈಯಲಿಲ್ಲ. ನಾನೇ ಕೇಳಿದೆ, "ಒಂದು ಸಲ ಓದಬಾರದಿತ್ತೇ?"

"ಓದ್ದೆ," ಎಂದರು. "ಅವತ್ತು ಬೆಳಿಗ್ಗೆನೇ ನೋಡ್ದೆ, ಆ ಸಾಲಿಲ್ಲ ಅಂತ."

"ಮತ್ತೆ ಯಾಕೆ ಕೇಳ್ಲಿಲ್ಲ?"

ಅವರು ಬಸ್ಸು ಬರುವ ದಿಕ್ಕನ್ನೇ ನೋಡುತ್ತಿದ್ದರು. "ನೀ ಓದ್ದವಳು. ಗೊತ್ತಿಲ್ಲ ಅಂತೆಲ್ಲ ವರದೀಲಿ ಬರೀಬಾರ್ದೇನೋ ಅಂದ್ಕೊಂಡೆ."

ಬಸ್ಸು ಬಂತು. ನನಗೆ ಸೀಟು ಸಿಕ್ಕಿತೋ ಎಂದು ಕಿಟಕಿಯ ಹೊರಗಿಂದ ಬಗ್ಗಿ ನೋಡಿ, ತಲೆಯಾಡಿಸಿ, ಲೇಬಲ್ಲಿಗೆ ಕಾದಿದ್ದ ಪೆಟ್ಟಿಗೆಗಳ ಕಡೆ ನಡೆದರು.