ತುಪ್ಪ ಕುಡಿದ ಮುಖ

ಎಪ್ಪತ್ತರ ದಶಕದಲ್ಲಿ ತಿಕೋಟಾದ ನಮ್ಮ ಓಣಿಗೆಲ್ಲ ಸೇರಿ ಬರುತ್ತಿದ್ದುದು ಒಂದೇ ವಾರಪತ್ರಿಕೆ. ಈಗಿನ ವಿಜಯಪುರ, ಆಗಿನ ಬಿಜಾಪುರದಿಂದ ಬಸ್ಸಿನಲ್ಲಿ ಬಂದು ನೇರ ದರ್ಜಿ ಕಾಕಾನ ಅಂಗಡಿಗೆ ಇಳಿಯುತ್ತಿತ್ತು. ಮುಂದಿನ ಪುಟಗಳಲ್ಲಿ ಯಾವ ಮಂತ್ರಿ ಏನೆಂದ ಅನ್ನುವುದು ದೊಡ್ಡವರ ಪಾಲು. ಕೊನೆಯ ಪುಟದ ಎಂಟು ಚಿತ್ರಗಳಲ್ಲಿ ಒಬ್ಬ ಶೂರ ರೆಕ್ಕೆಯಿಲ್ಲದೆ ಹಾರುತ್ತಿದ್ದ, ಮುರಿದ ಸೇತುವೆಗೆ ಹೆಗಲು ಕೊಟ್ಟು ರೈಲು ದಾಟಿಸುತ್ತಿದ್ದ, ಕಳ್ಳರನ್ನು ಕೊರಳಪಟ್ಟಿ ಹಿಡಿದು ಮುಗಿಲಿಗೆ ಒಯ್ದು ಬುದ್ಧಿ ಹೇಳುತ್ತಿದ್ದ. ಮುಖಕ್ಕೆ ಮಾತ್ರ ಸದಾ ಮುಸುಕು. ನಾವೆಲ್ಲ ಅವನನ್ನು ಮುಸುಕಿನ್ಯಾಂವ ಅನ್ನುತ್ತಿದ್ದೆವು. ಕಾಕಾ ಹೊಲಿದ ಅಂಗಿಗಳಿಗೆ ನಾನು ಗುಂಡಿ ಹಚ್ಚಿಕೊಡುತ್ತಿದ್ದೆ. ಅದಕ್ಕಾಗಿ, ಎಲ್ಲರೂ ಓದಿದ ಮೇಲೆ, ಆ ಹಾಳೆ ನನ್ನದು.

ಅಕ್ಕ, ನಾನು ಚಾಪೆಯ ಮೇಲೆ ಬೋರಲು ಬಿದ್ದು ಓದುತ್ತಿದ್ದೆವು. ಅಕ್ಕನದು ಬಲು ಕಟ್ಟುನಿಟ್ಟು. ಒಂದು ಚಿತ್ರ ಓದಿ ಮುಗಿಯುವ ತನಕ ಮುಂದಿನದರ ಮೇಲೆ ಅವಳ ಅಂಗೈ. ನಾನು ಬೆರಳ ಸಂದಿಯಿಂದ ಇಣುಕಿದರೆ ತಲೆಗೊಂದು ಮೊಟಕು. ಅವನು ಮುಸುಕು ತೆಗೆಯುವ ದಿನ ಬಂದರೆ ಆ ಮುಖವನ್ನು ಇಬ್ಬರೂ ಕೂಡಿಯೇ ನೋಡಬೇಕೆಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದಳು.

ಆಮೇಲೆ ಅಕ್ಕನನ್ನು ಬಬಲೇಶ್ವರಕ್ಕೆ ಕೊಟ್ಟರು. ಲಗ್ನವಾದ ಹೆಣ್ಣುಮಗಳು ಚಿತ್ರದ ಕಥೆ ಓದುತ್ತಾಳೆಂದರೆ ಗಂಡ ನಕ್ಕಾನು ಎಂದು ಅವಳಿಗೆ ನಾಚಿಕೆ. ಆ ಗಂಡ, ಅಂದರೆ ನನ್ನ ಮಾಮಾ, ವಾರಕ್ಕೊಮ್ಮೆ ಶೇಂಗಾ ವ್ಯಾಪಾರಕ್ಕೆ ತಿಕೋಟಾಕ್ಕೆ ಬರುತ್ತಿದ್ದರು. ಮರಳುವಾಗ ಅವ್ವ ಮಗಳಿಗೆಂದು ಕಡಕ್ ರೊಟ್ಟಿಯ ಗಂಟು ಕೊಡುತ್ತಿದ್ದಳು. ರೊಟ್ಟಿಯ ಬುಡಕ್ಕೆ ನಾನು ಆ ಹಾಳೆ ಹಾಸುತ್ತಿದ್ದೆ. ಹಾಸಿದ ಕಾಗದವನ್ನು ಯಾರು ನೋಡುತ್ತಾರೆ? ಎರಡು ವರ್ಷ ಹೀಗೇ ನಡೆಯಿತು. ಹಾಳೆ ತನ್ನ ಕೈಸೇರುವ ಹೊತ್ತಿಗೆ ಮಡಿಕೆ ಬದಲಾಗಿರುತ್ತದೆ ಎಂದು ಅಕ್ಕ ಒಂದೆರಡು ಸಲ ಹೇಳಿದ್ದಳು. ಬಸ್ಸಿನ ಕುಲುಕಾಟಕ್ಕೆ ಹಾಗಾಗಿರಬೇಕೆಂದು ನಾನೇ ತೀರ್ಪು ಕೊಟ್ಟೆ. ಆ ವಯಸ್ಸಿನಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ.

ಒಂದು ವಾರ ಎಂಟನೆಯ ಚಿತ್ರದ ಕೆಳಗೆ, ಬರುವ ಸಂಚಿಕೆಗೆ ಕಥೆ ಮುಗಿಯುತ್ತದೆ, ಮುಸುಕೂ ತೆರೆಯುತ್ತದೆ ಎಂದು ಅಚ್ಚಾಗಿತ್ತು. ಅಂಗಡಿಯಲ್ಲಿ ಸೂತಕದ ಕಳೆ. ಅರಕೇರಿಯಿಂದ ಅಂಗಿ ಹೊಲಿಸಲು ಬಂದಿದ್ದ ರೈತರೊಬ್ಬರು, ಚಿತ್ರ ಬರೆಯುವವನಿಗೆ ಬೇಸರ ಬಂದಿದ್ದರೆ ಎರಡು ವಾರ ಊರಿಗೆ ಹೋಗಿ ಬರಲಿ, ಮುಗಿಸುವುದೇಕೆ ಎಂದರು. ಕಾಕಾ ಮಾತ್ರ, ಇಷ್ಟು ದಿನ ಮುಚ್ಚಿಟ್ಟ ಮುಖ ಮುಚ್ಚಿಯೇ ಇರಲಿ, ಯಾರ ಮುಖವಾದರೂ ಸಪ್ಪೆಯೇ ಎಂದರು. ನನಗೆ ಮೈಯೆಲ್ಲ ಸಿಟ್ಟು. ನಮ್ಮನ್ನು ಒಂದು ಮಾತು ಕೇಳದೆ ಮುಗಿಸಲು ಆ ಚಿತ್ರದವನು ಯಾರು?

ಕಡೆಯ ಸಂಚಿಕೆ ಬಂತು. ಮುಖ ಹೇಗಿದೆ ಹೇಳಲೇ ಎಂದು ಕಾಕಾ ಕಾಡಿದರು. ನಾನು ಹಾಳೆ ತೆಗೆದುಕೊಂಡು ಮನೆಗೆ ಓಡಿದೆ. ಏಳು ಚಿತ್ರ ಓದಿದೆ, ಎಂಟನೆಯದನ್ನು ಅಂಗೈಯಿಂದ ಮುಚ್ಚಿಕೊಂಡೇ ಹಾಳೆ ಮಡಿಚಿದೆ. ಆಣೆ ಅಂದರೆ ಆಣೆ. ಇಂಥ ದೊಡ್ಡ ದಿನಕ್ಕೆ ಕಡಕ್ ರೊಟ್ಟಿ ಶೋಭಿಸುವುದಿಲ್ಲವೆಂದು ಅವ್ವನ ಬೆನ್ನು ಹತ್ತಿ ಶೇಂಗಾ ಹೋಳಿಗೆ ಮಾಡಿಸಿದೆ. ಹಂಚಿನಿಂದ ಇಳಿದವಕ್ಕೆ ಕೈಬಿಚ್ಚಿ ತುಪ್ಪ ಸವರಿ, ಆರಲೂ ಬಿಡದೆ, ಆ ಮಡಿಕೆಯ ಮೇಲೆ ಪೇರಿಸಿ ಗಂಟು ಕಟ್ಟಿದೆ. ಅಕ್ಕನ ಜೊತೆ ಕೂಡಿ ನೋಡಲು ಮಾಮಾನೊಂದಿಗೆ ನಾನೂ ಹೊರಟೆ.

ಬಸ್ಸಿನಲ್ಲಿ ಮಾಮಾ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಬಿಚ್ಚಲು ಹೋಗುವುದು, ನನ್ನತ್ತ ನೋಡಿ ಮತ್ತೆ ಕಟ್ಟುವುದು ಮಾಡುತ್ತಿದ್ದರು. ಹೋಳಿಗೆಯ ಆಸೆ ಇರಬೇಕೆಂದು ಒಂದು ತಿನ್ನಿರಿ ಎಂದೆ. ಹಸಿವಿಲ್ಲ ಅಂದರು. ಹಸಿವಿಲ್ಲದವರಿಗೆ ಗಂಟಿನ ಚಿಂತೆ ಏಕೆಂದು ನಾನು ಅದನ್ನು ಕಸಿದುಕೊಂಡು ಕೂತೆ.

ಅಡುಗೆಮನೆಯಲ್ಲಿ ಅಕ್ಕ ಹಾಳೆ ಬಿಡಿಸಿದಳು. ಏಳು ಚಿತ್ರ ಹೇಗೋ ಉಳಿದಿದ್ದವು. ನಾನು ಕಾಪಾಡಿದ ಮೂಲೆಯೇ ಹೋಳಿಗೆಯ ಬುಡಕ್ಕೆ ಸಿಕ್ಕಿತ್ತು. ಕಾಗದ ತುಪ್ಪ ಕುಡಿದು, ಹಿಂದಿನ ಪುಟದ ಬಿತ್ತನೆ ಬೀಜದ ಜಾಹೀರಾತು ಈಚೆಗೆ ಮೂಡಿ, ಶೂರನ ಮುಖ ಇರಬೇಕಾದಲ್ಲಿ ಒಂದು ದಪ್ಪ ಜೋಳದ ತೆನೆ ನಿಂತಿತ್ತು. ಅಕ್ಕ ಬೈದಿದ್ದರೆ ಚೆನ್ನಾಗಿತ್ತು. ಅವಳ ಕಣ್ಣು ತುಂಬಿದವು.

"ಮುಖಾ ಕಾಣವಲ್ದೇನ?" ಬಾಗಿಲಲ್ಲಿ ಮಾಮಾ ನಿಂತಿದ್ದರು.

ಅಕ್ಕ ಗಾಬರಿಯಾಗಿ ಯಾವ ಮುಖವೆಂದು ಕೇಳಿದಳು. ಮಾಮಾ ತಲೆ ಕೆರೆದುಕೊಂಡು ಒಪ್ಪಿಕೊಂಡರು. ಎರಡು ವರ್ಷದಿಂದ ಬಸ್ಸಿನಲ್ಲಿ ಗಂಟು ಬಿಚ್ಚಿ, ಓದಿ, ಮತ್ತೆ ರೊಟ್ಟಿಯ ಕೆಳಗೆ ಹಾಸುತ್ತಿದ್ದರಂತೆ. ವ್ಯಾಪಾರ ಮಾಡುವ ಗಂಡಸು ಚಿತ್ರದ ಕಥೆ ಓದುತ್ತಾನೆಂದರೆ ಹೆಂಡತಿ ನಕ್ಕಾಳು ಎಂದು ಬಾಯಿ ಬಿಟ್ಟಿರಲಿಲ್ಲ. ಹೆಂಡತಿ ನಕ್ಕೇಬಿಟ್ಟಳು, ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು.

"ಕುಂದರ್ರಿ," ಅಂದಳು. "ಮೊದಲಿಂದ ಓದೂಣು."

ಇಬ್ಬರೂ ಚಾಪೆಯ ಮೇಲೆ ಕೂತರು. ಮೊದಲ ಚಿತ್ರ ಓದುವಾಗಲೇ ಅಕ್ಕನ ಅಂಗೈ ಎರಡನೆಯದರ ಮೇಲೆ ಹೋಯಿತು. ಮಾಮಾ ಬೆರಳ ಸಂದಿಯಿಂದ ಇಣುಕಿದರು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ಆ ಅಂಗೈ ಏಳುವುದನ್ನು ಕಾಯುತ್ತ ಕೂರುವುದು ಅಲ್ಲಿಯ ತನಕ ನನ್ನೊಬ್ಬಳ ಪಾಲಾಗಿತ್ತು. ಮುಖ ಹೋದದ್ದಕ್ಕಿಂತ ಅದು ಹೆಚ್ಚು ನೋಯಿತು.

ಕಡೆಗೆ ಕೈ ತೆಗೆದಾಗ ಮಾಮಾ ಆ ಜೋಳದ ತೆನೆಯನ್ನು ಬಹಳ ಹೊತ್ತು ನೋಡಿ, ಮನುಷ್ಯ ಪರವಾಗಿಲ್ಲ ಎಂದರು. ನಿಜವಾದ ಮುಖ ದರ್ಜಿ ಕಾಕಾನಿಗೆ ಗೊತ್ತಿತ್ತು. ಅವರನ್ನು ನಾನು ಎಂದೂ ಕೇಳಲಿಲ್ಲ.

"ಬರೂ ವಾರ ಗಂಟಿನ್ಯಾಗ ಏನ ಇಡತೀಯವಾ?" ಮಾಮಾ ನನ್ನ ಕಡೆ ತಿರುಗಿದರು.

"ಬರೇ ರೊಟ್ಟಿ, ಮಾಮಾ."

ಅಕ್ಕ ನನ್ನ ಮುಖ ನೋಡಿದಳು. ಗಂಡನನ್ನು ಆ ಕಡೆ ಸರಿಸಿ, ತಾನೂ ಸರಿದು ಚಾಪೆಯ ಮೇಲೆ ಜಾಗ ಮಾಡಿದಳು. ಎರಡನೆಯ ಚಿತ್ರದ ಮೇಲೆ ಮತ್ತೆ ಅಂಗೈ ಇಟ್ಟಳು. ನಾನು ಹೋಗಿ ಕೂತೆ.